ಮುಳುಗಿದ ಓಣಿ, ಉಳಿದ ಕ್ಯಾಸೆಟ್ಟು

ಹಳೆ ಬಾಗಲಕೋಟೆಯ ಬಗ್ಗೆ ಬರೆಯಲು ಹೊರಟವರಿಗೆ ಕಾಗದಪತ್ರಗಳ ಕೊರತೆಯಿಲ್ಲ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟಂದಿನಿಂದ ಸರ್ವೆ ನಕಾಶೆ, ಭೂಸ್ವಾಧೀನದ ಅಧಿಸೂಚನೆ, ಪರಿಹಾರದ ಪಟ್ಟಿ, ನ್ಯಾಯಾಲಯದ ತೀರ್ಪು ಹೀಗೆ ಕಡತದ ಮೇಲೆ ಕಡತ ಬೆಳೆದಿದೆ. 2000ದ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅಣೆಕಟ್ಟಿನ ಎತ್ತರ 519.6 ಮೀಟರ್‌ವರೆಗೆ ಇರಬಹುದು ಎಂದಿತು. ಅದಾದ ಮೇಲೆ ಕೃಷ್ಣೆಯ ಹಿನ್ನೀರು ಘಟಪ್ರಭೆಯ ಗುಂಟ ಏರಿ ಬಂದು ಊರಿನ ತಗ್ಗು ಭಾಗಗಳನ್ನು ತುಂಬಿತು. ಜನ ನವನಗರಕ್ಕೆ ಹೋದರು. ಓಣಿ, ಪೇಟೆಗಳ ಹೆಸರಿನಲ್ಲಿದ್ದ ವಿಳಾಸಗಳು ಸೆಕ್ಟರ್ ನಂಬರುಗಳಾದವು.

ಭೂಸ್ವಾಧೀನದ ಕಡತದಲ್ಲಿ ಮನೆಯೆಂದರೆ ಉದ್ದ, ಅಗಲ, ಗೋಡೆಯ ಬಗೆ, ಛಾವಣಿಯ ಬಗೆ, ಕೊನೆಗೆ ಒಂದು ಮೊತ್ತ. ಕಡತದ ಕೆಲಸವೇ ಅದು, ಅದನ್ನು ದೂರಿ ಪ್ರಯೋಜನವಿಲ್ಲ. ಆದರೆ ಆ ಮನೆಯ ಪಡಸಾಲೆಯಲ್ಲಿ ಮಧ್ಯಾಹ್ನ ಯಾರು ಕೂಡುತ್ತಿದ್ದರು, ಬೆಳಕಿಂಡಿಯ ಬಿಸಿಲು ಎಲ್ಲಿ ಬೀಳುತ್ತಿತ್ತು, ಕಟ್ಟೆಯ ಮೇಲೆ ಹೆಂಗಸರು ಎಷ್ಟು ಹೊತ್ತು ನಿಲ್ಲುತ್ತಿದ್ದರು, ಪಕ್ಕದ ಮನೆಯ ಸದ್ದು ಎಷ್ಟು ಕೇಳುತ್ತಿತ್ತು? ಇಂಥ ಪ್ರಶ್ನೆಗಳಿಗೆ ಕಡತದಲ್ಲಿ ಕಾಲಮ್ಮಿಲ್ಲ. ಇವುಗಳ ಉತ್ತರದ ಒಂದಷ್ಟು ಭಾಗ ನವನಗರದ ಮನೆಗಳ ಕಪಾಟುಗಳಲ್ಲಿ, ಹಳೆಯ ಸೀರೆ ಮತ್ತು ಎಲ್‌ಐಸಿ ಕಾಗದಗಳ ಕೆಳಗೆ, ವಿಡಿಯೋ ಕ್ಯಾಸೆಟ್ಟುಗಳ ರೂಪದಲ್ಲಿ ಬಿದ್ದಿದೆ.

ಮುಳುಗಡೆ ಮತ್ತು ಪುನರ್ವಸತಿ ನನ್ನ ಪಿಎಚ್‌ಡಿಯ ವಿಷಯ. ಮನೆಮನೆಗೆ ಹೋಗಿ ಹಿರಿಯರ ಮಾತು ಧ್ವನಿಮುದ್ರಿಸಿಕೊಳ್ಳುವುದು ಅದರ ಒಂದು ಭಾಗ. "ಹಳೇ ಫೋಟೋ ಏನರ ಅದಾವೇನ್ರಿ?" ಎಂದು ಕೇಳುವುದು ರೂಢಿ. ಒಂದು ಮನೆಯಲ್ಲಿ ಫೋಟೋ ಆಲ್ಬಮ್ಮಿನ ಜೊತೆ ಅಂಗೈಯಗಲದ ಒಂಬತ್ತು ಕ್ಯಾಸೆಟ್ಟುಗಳೂ ಕೆಟ್ಟು ನಿಂತ ಒಂದು ಕ್ಯಾಮೆರಾವೂ ಹೊರಗೆ ಬಂದವು. "ಇವನ್ನ ಕಂಪ್ಯೂಟರಿಗೆ ಹಾಕಿ ಒಂದು ಪೆನ್‌ಡ್ರೈವ್ ಮಾಡಿ ಕೊಡ್ರಿ" ಎಂದರು ಮನೆಯ ಯಜಮಾನರು. ಆ ಕೆಲಸ ಮಾಡುತ್ತ ಮಾಡುತ್ತ ನನಗೆ ಖಚಿತವಾದದ್ದನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಮನೆ ವಿಡಿಯೋದಲ್ಲಿ ಯಾವುದನ್ನು ನಾವು 'ವೇಸ್ಟ್' ಎಂದು ಕತ್ತರಿಸುತ್ತೇವೆಯೋ, ಇತಿಹಾಸಕ್ಕೆ ಬೇಕಾದದ್ದು ಹೆಚ್ಚಾಗಿ ಅದರಲ್ಲೇ ಇರುತ್ತದೆ.

ಇದಕ್ಕೆ ಕಾರಣ ಯಂತ್ರದಲ್ಲೇ ಇದೆ. ವಿಡಿಯೋಗಿಂತ ಮೊದಲು ಮನೆಮಂದಿಯನ್ನು ಚಿತ್ರಿಸುತ್ತಿದ್ದದ್ದು ಸೂಪರ್ 8ರಂಥ ಫಿಲ್ಮ್ ಕ್ಯಾಮೆರಾದಲ್ಲಿ. ಸೆಕೆಂಡಿಗೆ 18 ಚೌಕಟ್ಟಿನಂತೆ ಓಡಿಸಿದರೆ ಅದರ ಒಂದು ಸುರುಳಿ 3 ನಿಮಿಷ 20 ಸೆಕೆಂಡಿಗೆ ಮುಗಿಯುತ್ತಿತ್ತು. ತೊಳೆಸುವ ಖರ್ಚು ಬೇರೆ. ಹೀಗಾಗಿ ಕ್ಯಾಮೆರಾ ಹಿಡಿದವನು ಕೇಕು, ಹಾರ, ನಗು, ಕೈಬೀಸುವಿಕೆ ಇಷ್ಟನ್ನೇ ಆರಿಸಿಕೊಳ್ಳುತ್ತಿದ್ದ. 1983ರಲ್ಲಿ ಸೋನಿ ತಂದ ಬೀಟಾಮೂವಿ ಮನೆಬಳಕೆಯ ಮೊದಲ ಕ್ಯಾಮ್‌ಕಾರ್ಡರ್. ಅದು ಚಿತ್ರೀಕರಿಸುತ್ತಿತ್ತೇ ಹೊರತು ತಾನೇ ಮರಳಿ ತೋರಿಸಲಾರದು. 1984ರಲ್ಲಿ ಜೆವಿಸಿಯ ಸಣ್ಣ ವಿಎಚ್‌ಎಸ್ ಕ್ಯಾಮೆರಾ, 1985ರಲ್ಲಿ ಸೋನಿಯ ವಿಡಿಯೋ8 ಬಂದವು. 8 ಮಿಲಿಮೀಟರ್ ಅಗಲದ ಟೇಪು, ಒಂದೇ ಕ್ಯಾಸೆಟ್ಟಿನಲ್ಲಿ 90 ನಿಮಿಷ. ತೊಳೆಸುವಂತಿಲ್ಲ, ಬೇಡವೆನಿಸಿದರೆ ಅಳಿಸಿ ಮತ್ತೆ ಬಳಸಬಹುದು. ಆಗ ಕ್ಯಾಮೆರಾ ಬಂದ್ ಮಾಡುವ ಆತುರ ಹೋಯಿತು. ಯಾರೋ ಅದನ್ನು ಕಿಟಕಿಯಲ್ಲಿಟ್ಟು ಚಹಾ ಕುಡಿಯಲು ಹೋದರೆ ಅದು ಇಪ್ಪತ್ತು ನಿಮಿಷ ಬರೀ ಪಡಸಾಲೆಯನ್ನೇ ನೋಡುತ್ತ ಕುಳಿತಿರುತ್ತಿತ್ತು. ಸಾಮಾನ್ಯರ ಸಾಮಾನ್ಯ ಮಧ್ಯಾಹ್ನವೊಂದು ತಾನಾಗಿ ದಾಖಲಾದದ್ದು ಹೀಗೆ.

ನಮ್ಮಲ್ಲಿ 1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ಬಣ್ಣದ ಟಿವಿ ಬಂತು, ಅದರ ಹಿಂದೆ ವಿಸಿಆರ್ ಬಂತು. ಕ್ಯಾಮ್‌ಕಾರ್ಡರ್ ಮಾತ್ರ ಬಹುಕಾಲ ಕೆಲವರ ಕೈಯಲ್ಲೇ ಉಳಿದಿತ್ತು. ಗಲ್ಫಿನಲ್ಲೋ ಅಮೆರಿಕದಲ್ಲೋ ಇದ್ದ ಸಂಬಂಧಿಕರು ತಂದದ್ದು ಒಂದು ಬಗೆ, ಮದುವೆಗೆ ಕರೆಸಿದ ಸ್ಟುಡಿಯೋದವರದು ಇನ್ನೊಂದು ಬಗೆ. ಇವೆರಡರ ವ್ಯತ್ಯಾಸ ಇತಿಹಾಸದ ವಿದ್ಯಾರ್ಥಿಗೆ ಮುಖ್ಯ. ಮದುವೆಯ ಕ್ಯಾಸೆಟ್ಟು 'ಮಿಕ್ಸಿಂಗ್' ಆಗಿ ಬರುತ್ತಿತ್ತು. ಅಕ್ಷತೆಯ ದೃಶ್ಯ ಹೃದಯದ ಆಕಾರದೊಳಗೆ ಕೂರುತ್ತಿತ್ತು, ಮೇಲೆ ಸಿನಿಮಾ ಹಾಡು ಹರಿಯುತ್ತಿತ್ತು. ಹಾಡು ಬಂದಲ್ಲೆಲ್ಲ ಜನರ ಮಾತು ಹೋಯಿತು. ಸೋಬಾನೆ ಹಾಡುವ ಮುದುಕಿಯರ ಬಾಯಿ ಆಡುತ್ತದೆ, ಕೇಳುವುದು ಚಿತ್ರಗೀತೆ. ಚಿತ್ರೀಕರಿಸಿದ ಮೂಲ ಟೇಪು ಎಷ್ಟೋ ಕಡೆ ಅಳಿಸಿಹೋಗಿ ಮುಂದಿನ ಮದುವೆಗೆ ಬಳಕೆಯಾಗುತ್ತಿತ್ತು. ಮನೆಯವರೇ ಹಿಡಿದ ಕ್ಯಾಸೆಟ್ಟು ಹಾಗಲ್ಲ. ಕೈ ನಡುಗುತ್ತದೆ, ನೆಲ ಕಾಣುತ್ತದೆ, ಯಾರದೋ ತಲೆ ಅರ್ಧ ಕತ್ತರಿಸಿಹೋಗುತ್ತದೆ. ಆದರೆ ಮಾತು ಇದ್ದಂತೆ ಇರುತ್ತದೆ.

ಆ ಒಂಬತ್ತರಲ್ಲಿ ಒಂದು ಕ್ಯಾಸೆಟ್ಟಿನ ಮಾತು ಹೀಗಿದೆ. ಮುದುಕಿಯೊಬ್ಬರು ಶೇಂಗಾ ಸುಲಿಯುತ್ತ ಕೂತಿದ್ದಾರೆ. "ಏ ತಮ್ಮಾ, ಅದನ್ನ ಬಂದ್ ಮಾಡೋ. ಸುಮ್ನ ಯಾಕ ರೀಲು ಹಾಳ ಮಾಡ್ತಿ?" ಮೊಮ್ಮಗನ ದನಿ: "ಇದರಾಗ ರೀಲು ಇಲ್ಲ ಆಯಿ, ಹಂಗ ನಡೀಲಿ ಬಿಡು." ಆಮೇಲೆ ಹತ್ತು ನಿಮಿಷ ಶೇಂಗಾ ಸುಲಿಯುವ ಸದ್ದು, ಗೋಡೆಯಾಚೆ ಮಗ್ಗದ ಲಟಲಟ, ಬೀದಿಯಲ್ಲಿ ಯಾರೋ ಯಾರನ್ನೋ ಕರೆಯುವ ಕೂಗು. ಮದುವೆಯೂ ಅಲ್ಲ, ಹಬ್ಬವೂ ಅಲ್ಲ. ಮುಳುಗುವ ಮುಂಚಿನ ಒಂದು ಮನೆಯ ಧ್ವನಿ.

ಈ ಧ್ವನಿ ಉಳಿಯುವುದು ಎಷ್ಟು ಕಷ್ಟ ಎಂಬುದು ಟೇಪಿನ ರಚನೆ ನೋಡಿದರೆ ತಿಳಿಯುತ್ತದೆ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಕಾಂತೀಯ ಕಣಗಳನ್ನು ಒಂದು ಅಂಟಿನಲ್ಲಿ ಹಿಡಿದಿಟ್ಟಿರುತ್ತಾರೆ. ಕ್ಯಾಮೆರಾದೊಳಗಿನ ಪುಟ್ಟ ಉರುಳೆ ನಮ್ಮ ಪಾಲ್ ಪದ್ಧತಿಯಲ್ಲಿ ನಿಮಿಷಕ್ಕೆ 1500 ಸುತ್ತು ತಿರುಗುತ್ತ, ಟೇಪಿನ ಮೇಲೆ ಓರೆಯಾಗಿ ಸೆಕೆಂಡಿಗೆ 50 ಗೆರೆ ಬರೆಯುತ್ತದೆ. ಕಣ್ಣಿಗೆ ಕಾಣದ ಈ ಗೆರೆಗಳೇ ಚಿತ್ರ. ಅಂಟು ತೇವ ಹೀರಿದರೆ ಮೆತ್ತಗಾಗಿ ಜಿಗುಟುತ್ತದೆ. ಕಪಾಟಿನ ಗಾಳಿಯಾಡದ ಮೂಲೆಯಲ್ಲಿ ಬೂಸ್ಟು ಹಿಡಿಯುತ್ತದೆ. ಕಾಂತತ್ವ ಮೆಲ್ಲಗೆ ಕುಂದುತ್ತದೆ. ಓದುವಾಗಲೂ ಟೇಪು ಉರುಳೆಗೆ ಉಜ್ಜಿಕೊಂಡೇ ಸಾಗಬೇಕಾದ್ದರಿಂದ ಪ್ರತಿ ಸಲ ನೋಡುವುದೂ ಒಂದಿಷ್ಟು ಸವೆಸುವುದೇ.

ಟೇಪಿಗಿಂತ ಮೊದಲು ಯಂತ್ರ ಸಾಯುತ್ತಿದೆ ಎಂಬುದು ಇನ್ನೊಂದು ಸಂಕಟ. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಅದನ್ನು ನಿಲ್ಲಿಸಿತು. ಆಸ್ಟ್ರೇಲಿಯಾದ ರಾಷ್ಟ್ರೀಯ ಫಿಲ್ಮ್ ಮತ್ತು ಧ್ವನಿ ಸಂಗ್ರಹಾಲಯ 2015ರಲ್ಲೇ, ಇನ್ನು ಹತ್ತು ವರ್ಷದಲ್ಲಿ ಡಿಜಿಟಲ್ ಆಗದ ಟೇಪು ಕೈತಪ್ಪಿದಂತೆಯೇ ಎಂದು ಎಚ್ಚರಿಸಿತ್ತು. 2019ರಲ್ಲಿ ಯುನೆಸ್ಕೋ, ಧ್ವನಿ ಮತ್ತು ದೃಶ್ಯ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಜೊತೆ ಸೇರಿ ಇದೇ ಎಚ್ಚರಿಕೆಯ ಯೋಜನೆಯೊಂದನ್ನು ಆರಂಭಿಸಿತು. ಆ ಗಡುವುಗಳು ಈಗ ದಾಟಿಹೋಗಿವೆ. ಶಾಸನವನ್ನು ಕಣ್ಣಿನಿಂದ ಓದಬಹುದು, ತಾಳೆಗರಿಯನ್ನು ಮಸಿ ಸವರಿ ಓದಬಹುದು. ಟೇಪನ್ನು ಬೆಳಕಿಗೆ ಹಿಡಿದರೆ ಕಾಣುವುದು ಬರೀ ಕಂದು ಪಟ್ಟಿ.

ನಾನು ಮಾಡಿದ ಕೆಲಸ ಇಷ್ಟು. ಬೂಸ್ಟು ಇದ್ದ ಕ್ಯಾಸೆಟ್ಟುಗಳನ್ನು ಬೇರೆ ಇಟ್ಟೆ, ಒಂದರ ಬೂಸ್ಟು ಯಂತ್ರದ ಮೂಲಕ ಇನ್ನೊಂದಕ್ಕೆ ದಾಟುತ್ತದೆ. 1999ರಿಂದ ಬಂದ ಡಿಜಿಟಲ್8 ಎಂಬ ಕ್ಯಾಮೆರಾಗಳಲ್ಲಿ ಕೆಲವು ಹಳೆಯ ವಿಡಿಯೋ8 ಟೇಪನ್ನೂ ಓದಿ, ತಾವೇ ಡಿಜಿಟಲ್ ಮಾಡಿ ಫೈರ್‌ವೈರ್ ತಂತಿಯಲ್ಲಿ ಕಳಿಸುತ್ತವೆ. ಅಂಥದೊಂದನ್ನೂ, ಫೈರ್‌ವೈರ್ ಕಿಂಡಿ ಇರುವ ಹಳೆಯ ಕಂಪ್ಯೂಟರನ್ನೂ ಸ್ನೇಹಿತರ ಮೂಲಕ ಹೊಂದಿಸಿಕೊಂಡೆ. ಹೊಸ ಲ್ಯಾಪ್‌ಟಾಪುಗಳಲ್ಲಿ ಆ ಕಿಂಡಿ ಇರುವುದಿಲ್ಲ. ಪ್ರತಿ ಕ್ಯಾಸೆಟ್ಟನ್ನೂ ಒಮ್ಮೆ ಕೊನೆಯವರೆಗೆ ಓಡಿಸಿ ಹಿಂದಕ್ಕೆ ಸುತ್ತಿ ಸಡಿಲು ಮಾಡಿ, ಆಮೇಲೆ ಹಾಕಿದೆ. ಇಲ್ಲಿ ಅವಸರಕ್ಕೆ ಜಾಗವಿಲ್ಲ. 90 ನಿಮಿಷದ ಟೇಪಿಗೆ 90 ನಿಮಿಷವೇ ಬೇಕು. ಒಂಬತ್ತು ಕ್ಯಾಸೆಟ್ಟಿಗೆ ಹದಿಮೂರೂವರೆ ಗಂಟೆ. ಡಿವಿ ರೂಪದಲ್ಲಿ ಗಂಟೆಗೆ ಸುಮಾರು 13 ಜಿಬಿಯಂತೆ ಒಟ್ಟು 175 ಜಿಬಿ.

ತಕರಾರು ಬಂದದ್ದು ಇಲ್ಲೇ. ಮನೆಯವರ ಪೆನ್‌ಡ್ರೈವ್ 32 ಜಿಬಿಯದು. ಯಜಮಾನರ ಮಾತಿನಲ್ಲಿ ನ್ಯಾಯವಿತ್ತು: "ಅವ್ವನ ಮುಖ, ಅಪ್ಪನ ಮುಖ, ತಂಗಿ ಲಗ್ನ, ಇಷ್ಟ ಇಡ್ರಿ ಸಾಕು. ಉಳಿದದ್ದು ಯಾರ ನೋಡ್ತಾರ? ಅರ್ಧ ತಾಸಿಂದು ಮಾಡಿ, ಹಿಂದ ಒಂದು ಹಾಡು ಹಾಕ್ರಿ." ಸತ್ತವರ ಮುಖ ನೋಡಬೇಕೆಂಬುದು ಎಲ್ಲ ಬಯಕೆಗಳಿಗಿಂತ ಮೊದಲಿನದು, ಅದನ್ನು ಕಡೆಗಣಿಸುವ ಹಕ್ಕು ಸಂಶೋಧಕನಿಗಿಲ್ಲ. ಆದರೆ ಅವರು ಹೇಳಿದಂತೆ ಮಾತ್ರ ಮಾಡಿದರೆ ಹದಿಮೂರು ಗಂಟೆ ಅಳಿಸಿಹೋಗುತ್ತಿತ್ತು, ಉಳಿದ ಅರ್ಧ ಗಂಟೆಯ ಮಾತನ್ನು ಹಾಡು ನುಂಗುತ್ತಿತ್ತು. ಮಿಕ್ಸಿಂಗಿನ ಕಾಲದಲ್ಲಿ ಆದದ್ದೇ ಮತ್ತೊಮ್ಮೆ ಆಗುತ್ತಿತ್ತು. ಹೀಗಾಗಿ ಎರಡು ಪ್ರತಿ ಮಾಡಿದೆ. ನೋಡಲು ಅವರು ಕೇಳಿದ ಅರ್ಧ ಗಂಟೆ, ಹಾಡಿಲ್ಲದೆ. ಇಡಲು ಇಡೀ ಹದಿಮೂರೂವರೆ ಗಂಟೆ, ಟೇಪು ಇದ್ದ ಕ್ರಮದಲ್ಲೇ, ಏನೂ ಕತ್ತರಿಸದೆ, ಎರಡು ಹಾರ್ಡ್‌ಡಿಸ್ಕುಗಳಲ್ಲಿ. ಒಂದು ಅವರ ಮನೆಯಲ್ಲಿ, ಒಂದು ಅವರ ಮಗಳ ಊರಿನಲ್ಲಿ.

ಇಡೀ ಪ್ರತಿಯ ಬೆಲೆ ತಿಳಿದದ್ದು ಒಂದು ಭಾನುವಾರ ಟಿವಿಗೆ ಹಾಕಿ ಎಲ್ಲರೂ ಕೂತಾಗ. ಮೂರನೆಯ ಕ್ಯಾಸೆಟ್ಟಿನಲ್ಲಿ ಕ್ಯಾಮೆರಾ ಹಿಡಿದ ಹುಡುಗ ಮಾಳಿಗೆಯ ಮೇಲಿನಿಂದ ಓಣಿಯನ್ನು ಎಡದಿಂದ ಬಲಕ್ಕೆ ತೋರಿಸಿದ್ದಾನೆ. ಹನ್ನೊಂದು ಸೆಕೆಂಡು. ಅರ್ಧ ಗಂಟೆಯ ಪ್ರತಿಯಲ್ಲಿ ಇದಕ್ಕೆ ಜಾಗವಿರಲಿಲ್ಲ. ಅದು ಬಂದಾಗ ಮನೆಯ ಹಿರಿಯಕ್ಕ "ಅಲ್ಲೇ ನಿಲ್ಲಸ್ರಿ" ಎಂದರು. ಆಮೇಲೆ ಒಂದು ತಾಸು ನಾವು ಆ ಹನ್ನೊಂದು ಸೆಕೆಂಡಿನಲ್ಲೇ ಇದ್ದೆವು. ಅದು ಬಳೆಗಾರರ ಅಂಗಡಿ, ಅದರ ಬಾಜೂಕ ಹಿಟ್ಟಿನ ಗಿರಣಿ, ಆ ನೀಲಿ ಬಾಗಿಲಿನ ಮನೆಯವರು ಸಾಂಗ್ಲಿಗೆ ಹೋದರು, ಈ ಕಟ್ಟೆಯ ಮೇಲೆ ಹಲಗೆ ಕಾಸುತ್ತಿದ್ದರು. ಬೇವಿನ ಗಿಡ ಗಿರಣಿಯ ಮುಂದಿತ್ತೋ ಹಿಂದಿತ್ತೋ ಎಂದು ಅಕ್ಕತಂಗಿಯರಲ್ಲಿ ವಾದವಾಯಿತು, ತೀರ್ಪು ಕೊಟ್ಟದ್ದು ಟೇಪು. ಒಂಬತ್ತು ಬಾಗಿಲುಗಳಲ್ಲಿ ಎಂಟರ ಹೆಸರು ಸಿಕ್ಕಿತು. ಅದೇ ಅಕ್ಕ ಎರಡು ತಿಂಗಳ ಹಿಂದೆ ನನ್ನ ಧ್ವನಿಮುದ್ರಣದಲ್ಲಿ "ಏನೂ ನೆನಪಿಲ್ಲ ತಮ್ಮಾ" ಎಂದಿದ್ದರು. ನೆನಪು ಇತ್ತು. ಅದನ್ನು ತೂಗುಹಾಕಲು ಗೂಟ ಇರಲಿಲ್ಲ, ಅಷ್ಟೆ. ಆ ದಿನ ಕಾಗದದ ಮೇಲೆ ಬಿಡಿಸಿದ ಓಣಿಯ ನಕಾಶೆ, ನಾನು ನೋಡಿದ ಯಾವ ಕಡತದಲ್ಲೂ ಇಲ್ಲದ್ದು.

ಹಾಗೆಂದು ಟೇಪು ಹೇಳಿದ್ದೆಲ್ಲ ಸತ್ಯವಲ್ಲ, ಶಾಸನಕ್ಕೆ ಮಾಡುವಷ್ಟೇ ವಿಚಾರಣೆಯನ್ನು ಇದಕ್ಕೂ ಮಾಡಬೇಕು. ಅದೇ ಮೂರನೆಯ ಕ್ಯಾಸೆಟ್ಟಿನ ಮೂಲೆಯಲ್ಲಿ ಜನವರಿ 1 ಎಂದು ತಾರೀಖು ಮೂಡಿದೆ. ಆದರೆ ಜನರ ಮುಖದ ಮೇಲೆ ಬಣ್ಣವಿದೆ, ದೂರದಲ್ಲಿ ಹಲಗೆಯ ಸದ್ದಿದೆ. ಹೋಳಿಗೆ ಹೆಸರಾದ ಬಾಗಲಕೋಟೆಯಲ್ಲಿ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ, ಅದು ಫಾಲ್ಗುಣ. ಕ್ಯಾಮೆರಾದ ಗಡಿಯಾರಕ್ಕೆ ಹಾಕಿದ ಗುಂಡಿಯಾಕಾರದ ಬ್ಯಾಟರಿ ಸತ್ತರೆ ತಾರೀಖು ಮೊದಲಿನ ದಿನಕ್ಕೆ ಹೋಗಿ ನಿಲ್ಲುತ್ತದೆ. ವರ್ಷ ಯಾವುದು? ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಮಾರ್ಚ್ ಒಂದನೇ ತಾರೀಖು ಬುಧವಾರದ ಸಾಲಿನಲ್ಲಿದೆ. ಆ ಕಾಲದಲ್ಲಿ ಹಾಗೆ ಬರುವುದು 1989, 1995 ಮತ್ತು 2000ದಲ್ಲಿ. ಕ್ಯಾಮೆರಾ ಮನೆಗೆ ಬಂದದ್ದು 1993ರಲ್ಲಿ. 2000ದಲ್ಲಿ ಶಾಲೆಗೆ ಹೋಗುತ್ತಿದ್ದ ಮಗು ಇಲ್ಲಿ ಇನ್ನೂ ಕಂಕುಳಲ್ಲಿದೆ. ಹಾಗಾದರೆ 1995ರ ಮಾರ್ಚ್. ಮೂಲೆಯ ತಾರೀಖನ್ನು ನಂಬಿ ಕಡತಕ್ಕೆ ಹೆಸರಿಟ್ಟಿದ್ದರೆ ಹೋಳಿ ಜನವರಿಗೆ ಹೋಗುತ್ತಿತ್ತು. ಕ್ಯಾಲೆಂಡರಿನ ಗೋಡೆ 'ವೇಸ್ಟ್' ಎಂದು ಕತ್ತರಿಸಿದ್ದರೆ ವರ್ಷವೇ ಸಿಗುತ್ತಿರಲಿಲ್ಲ.

ಕನ್ನಡ ಓದಿದವರಿಗೆ ಈ ಕೆಲಸ ಹೊಸದೇನಲ್ಲ. ಪ್ರತಿಕಾರ ಎಲ್ಲಿ ಸಾಲು ಬಿಟ್ಟ, ಎಲ್ಲಿ ತನ್ನ ಕಾಲದ ಮಾತು ಸೇರಿಸಿದ ಎಂದು ಹುಡುಕುವುದು ಗ್ರಂಥಸಂಪಾದನೆಯ ಮೊದಲ ಪಾಠ. ಟೇಪಿನಲ್ಲೂ ಪಾಠಾಂತರಗಳಿವೆ. ಹಳೆಯ ಹುಟ್ಟುಹಬ್ಬದ ಮೇಲೆ ಹೊಸ ಗೃಹಪ್ರವೇಶ ಮುದ್ರಿಸಿದ್ದಾರೆ, ನಡುವೆ ಮೂರು ಸೆಕೆಂಡು ಹಳೆಯದು ಇಣುಕುತ್ತದೆ. ಈಗ ಪ್ರತಿಕಾರ ನಾವೇ. ಸೆಕೆಂಡಿನ 50 ಗೆರೆಗಳನ್ನು ಜೋಡಿಸುವಾಗ ಅರ್ಧವನ್ನು ಬಿಸಾಡುವ ಸಾಫ್ಟ್‌ವೇರ್ ಇದೆ, ಚೌಕ ಚಿತ್ರವನ್ನು ಅಗಲಕ್ಕೆ ಎಳೆದು ಎಲ್ಲರನ್ನೂ ದಪ್ಪ ಮಾಡುವ ಸ್ಟುಡಿಯೋ ಇದೆ. ವಿಜಯಪುರದ ಫ. ಗು. ಹಳಕಟ್ಟಿಯವರು ಮನೆಮನೆಯ ತಾಳೆಗರಿ ಕಟ್ಟುಗಳನ್ನು ಹುಡುಕಿ ಓದಿ 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ತಂದಾಗ ಬಾಗಲಕೋಟೆಯೂ ಅದೇ ಜಿಲ್ಲೆಯಲ್ಲಿತ್ತು. ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಕಟ್ಟುಗಳನ್ನು ಓದಲು ತೆಗೆದದ್ದು ಅವರು ಮಾಡಿದ ಉಪಕಾರ. ವಚನದ ಕಟ್ಟಿಗೂ ಮನೆಯ ಕ್ಯಾಸೆಟ್ಟಿಗೂ ಹೋಲಿಕೆ ಸಲ್ಲದು. ಆದರೆ ಮನೆಯೊಳಗಿನ ವಸ್ತು ನಾಡಿನ ದಾಖಲೆಯಾಗುವ ದಾರಿ ಒಂದೇ.

ನೆಲೆ ಕಳೆದುಕೊಂಡವರ ಮನೆ ಚಿತ್ರಗಳು ಹೊರಗಿನ ಜಗತ್ತಿನಲ್ಲೂ ಚರಿತ್ರೆಯ ಜಾಗ ಪಡೆದಿವೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ತನ್ನ ಜಪಾನಿ ಮೂಲದ ಪ್ರಜೆಗಳನ್ನು ಶಿಬಿರಗಳಿಗೆ ತಳ್ಳಿದಾಗ, ಯೂಟಾದ ಟೋಪಾಜ್ ಶಿಬಿರದೊಳಗೆ ಡೇವ್ ತತ್ಸುನೋ ಗುಟ್ಟಾಗಿ ತರಿಸಿಕೊಂಡ 8 ಮಿಲಿಮೀಟರ್ ಕ್ಯಾಮೆರಾದಲ್ಲಿ ದಿನನಿತ್ಯದ ಬದುಕನ್ನು ಹಿಡಿದಿಟ್ಟರು. 1996ರಲ್ಲಿ ಅದು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿತು. ಹಂಗೇರಿಯ ಪೀಟರ್ ಫೋರ್ಗಾಚ್ 1988ರಿಂದ ಅಪರಿಚಿತ ಕುಟುಂಬಗಳ ಮನೆ ಫಿಲ್ಮುಗಳನ್ನೇ ಜೋಡಿಸಿ ತನ್ನ ದೇಶದ ಇಪ್ಪತ್ತನೆಯ ಶತಮಾನವನ್ನು ಹೇಳಿದರು. ಊಟ, ಈಜು, ಮಗುವಿನ ಮೊದಲ ಹೆಜ್ಜೆ ಇವುಗಳ ಪಕ್ಕದಲ್ಲೇ ಯುದ್ಧ ನಡೆದಿತ್ತೆಂದು ಆ ಚಿತ್ರಗಳು ತಿಳಿಸುತ್ತವೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕಂಪ್ಯೂಟರಿಗೆ ಬಂದದ್ದೆಲ್ಲ ಯೂಟ್ಯೂಬಿಗೆ ಹೋಗಬೇಕಾಗಿಲ್ಲ. ಮಾಳಿಗೆಯಿಂದ ಹಿಡಿದ ಚಿತ್ರದಲ್ಲಿ ಹಿತ್ತಲಲ್ಲಿ ತಲೆಗೆ ಎರೆದುಕೊಂಡು ನಿಂತ ನೆರೆಮನೆಯ ಹೆಣ್ಣುಮಗಳಿದ್ದಾಳೆ, ಅವಳನ್ನು ಯಾರೂ ಕೇಳಿರಲಿಲ್ಲ. ಜೋಪಾನ ಮಾಡುವುದು ಬೇರೆ, ಪ್ರಕಟಿಸುವುದು ಬೇರೆ. ಹಾಗಾಗಿಯೇ ಈ ಲೇಖನದಲ್ಲಿ ಆ ಮನೆಯ ಹೆಸರಿಲ್ಲ, ಓಣಿಯ ಹೆಸರೂ ಇಲ್ಲ.

ಈ ಮಾತು ಹಳೆಯ ಊರಿಗಷ್ಟೇ ಸೇರಿದ್ದಲ್ಲ. ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯಲ್ಲಿ 524.256 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿದೆ. ಅದು ಜಾರಿಯಾದ ದಿನ ಇನ್ನಷ್ಟು ಹಳ್ಳಿಗಳು, ಇನ್ನಷ್ಟು ಓಣಿಗಳು ಹೋಗಲಿವೆ. ಆಗ ಮತ್ತೆ ಅಳತೆಗಾರರು ಬಂದು ಗೋಡೆ ಅಳೆಯುತ್ತಾರೆ, ಪಟ್ಟಿ ಸಿದ್ಧವಾಗುತ್ತದೆ. ಆ ಊರುಗಳಲ್ಲೂ ಕಪಾಟುಗಳಿವೆ. ನಿಮ್ಮ ಮನೆಯಲ್ಲಿ ಕ್ಯಾಸೆಟ್ಟು ಇದ್ದರೆ ಮೊದಲು ಅದನ್ನು ನೆಟ್ಟಗೆ ನಿಲ್ಲಿಸಿ, ಒಣಗಿದ ಜಾಗದಲ್ಲಿಡಿ. ಅದನ್ನು ಓದುವ ಯಂತ್ರ ಯಾರ ಬಳಿಯಿದೆ ಎಂದು ಈ ತಿಂಗಳೇ ವಿಚಾರಿಸಿ. ಹಾಕಿಸುವಾಗ ಪೂರ್ತಿ ಹಾಕಿಸಿ. ಹಾಕಿಸಿದ ಮೇಲೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡಿ, ಅವರು "ಅಲ್ಲೇ ನಿಲ್ಲಿಸು" ಎಂದ ಕಡೆ ನಿಲ್ಲಿಸಿ, ಹೇಳಿದ್ದನ್ನು ಬರೆದುಕೊಳ್ಳಿ. ಯಂತ್ರ ಕೆಟ್ಟರೆ ಇನ್ನೊಂದನ್ನು ಹುಡುಕಬಹುದು. ಆ ನೀಲಿ ಬಾಗಿಲು ಯಾರದೆಂದು ಹೇಳಬಲ್ಲವರು ಹೋದರೆ ಹುಡುಕಲು ಬೇರೆ ಜಾಗವಿಲ್ಲ.